ಹೆಸರಿನ ಭಾರ

ಮಗು ಹುಟ್ಟಿ ನಾಲ್ಕನೆಯ ದಿನ. ಅಡುಗೆಮನೆಯ ಹೊಸ್ತಿಲಲ್ಲಿ ಕೂತ ಕರ್ತಿನೆಮ್, ಮರುದಿನದ ಊಟಕ್ಕೆಂದು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಐದನೆಯ ದಿನ ನೆರೆಹೊರೆಯವರನ್ನು ಕರೆದು, ನಾಲ್ಕು ತುತ್ತು ಉಣ್ಣಿಸಿ, ಎಲ್ಲರೆದುರು ಮಗುವಿನ ಹೆಸರು ಹೇಳಬೇಕು. ಸೋಲೋ ಪಟ್ಟಣದ ಆ ಬಾಟಿಕ್ ಕೇರಿಯಲ್ಲಿ ಹುಟ್ಟಿದ ಮಕ್ಕಳೆಲ್ಲ ಹಾಗೇ ಹೆಸರು ಪಡೆದವರು.

"ಸ್ಲಾಮೆತ್ ಅಂತಿಡು, ಲೇ," ಎಂದಳು ಮಗ ಸರ್ಮಿನ್‌ಗೆ. "ಸುಖವಾಗಿರು ಅಂತ ಅರ್ಥ. ನಮ್ಮಂಥೋರಿಗೆ ಅದಕ್ಕಿಂತ ಇನ್ನೇನು ಬೇಕು?"

ಒಳಗಿನಿಂದ ಸೊಸೆ ವಾರ್ಸಿನಿಯ ದನಿ ಬಂತು; ಅತ್ತೆಯನ್ನು ಅವಳೂ ಇಬು, ಅಮ್ಮ, ಎಂದೇ ಕರೆಯುತ್ತಿದ್ದಳು. "ಕೇರೀಲಿ ನಿಂತು ಸ್ಲಾಮೆತ್ ಅಂತ ಕೂಗಿದ್ರೆ ಹತ್ತು ಜನ ಓಗೊಡ್ತಾರೆ, ಇಬು. ನನ್ನ ಮಗನಿಗೆ ಬಾಸ್ಕೊರೊ."

"ಬಾಸ್ಕೊರೊ ಅಂದ್ರೆ ಸೂರ್ಯ! ಬಟ್ಟೆಗೆ ಮೇಣದ ಅಚ್ಚೊತ್ತೋನ ಮಗನಿಗೆ ಸೂರ್ಯನ ಹೆಸರು! ಕಾರ್ಖಾನೆ ಯಜಮಾನರ ಮೊಮ್ಮಗನಿಗೂ ಅಷ್ಟು ದೊಡ್ಡದಿಲ್ಲ. ಒಂದ್ಸಲ ಇಟ್ಟು ನೋಡಿದ್ದು ಸಾಲದಾ?"

ವಾರ್ಸಿನಿ ಒಳಗೆ ಮಗುವನ್ನು ಎದೆಗವುಚಿಕೊಂಡಳು.

ಎರಡು ವರ್ಷದ ಹಿಂದೆ ಚೊಚ್ಚಲ ಗಂಡುಮಗುವಿಗೆ ಅವರು ವಿಚಕ್ಸೊನೊ ಎಂದು ಹೆಸರಿಟ್ಟಿದ್ದರು, ಜಾಣ ಎಂದರ್ಥ. ನಲವತ್ತು ದಿನವಾಗುವಷ್ಟರಲ್ಲಿ ಮಗುವಿಗೆ ವಾಂತಿ, ಭೇದಿ ಹತ್ತಿತು. ಹೆಸರು ಹೊರಲಾರದೆ ಕೂಸು ಕುಸಿಯುತ್ತಿದೆ, ಬದಲಾಯಿಸಿ ಎಂದರು ಹಿರಿಯರು. ಕೆಂಪು ಗಂಜಿ, ಬಿಳಿ ಗಂಜಿ ಮಾಡಿ ಹಂಚಿ, ಪೈಮಿನ್ ಎಂದು ಹಗುರ ಹೆಸರಿಟ್ಟರು. ಮರುದಿನ ಬೆಳಿಗ್ಗೆ ಪೈಮಿನ್ ತೀರಿಕೊಂಡ. ತಡವಾಗಿ ಬದಲಾಯಿಸಿದ್ದರಿಂದಲೇ ಹೀಗಾಯಿತೆಂದು ಕೇರಿಯೆಲ್ಲ ನಂಬಿತು. ಸರ್ಮಿನ್ ಕೂಡ ನಂಬಿದ. ನಂಬಿದ್ದರಿಂದಲೇ ಈಗ ಹೆಂಡತಿಯ ಮಾತಿಗೆ ಹೂಂ ಎನ್ನಲೂ ಭಯ, ಊಹೂಂ ಎನ್ನಲೂ ಭಯ.

"ಮಾಸ್, ಸ್ವಲ್ಪ ಬನ್ನಿ ಇಲ್ಲಿ." ಗಂಡನನ್ನು ಕರೆದ ವಾರ್ಸಿನಿಯ ದನಿ ಬದಲಾಗಿತ್ತು.

ಮಗು ಬೆಳಗಿನಿಂದ ಮೊಲೆ ಹಿಡಿದಿರಲಿಲ್ಲ. ಸರ್ಮಿನ್ ಹಣೆ ಮುಟ್ಟಿದ. ಕಾದ ಹೆಂಚಿನ ಹಾಗಿತ್ತು.

ಕರ್ತಿನೆಮ್ ಮೊರ ಬಿಟ್ಟು ಎದ್ದಳು. "ಕಿವೀಲಿ ಆಗ್ಲೇ ಆ ಹೆಸರು ಹೇಳ್ಬಿಟ್ಟಿದೀಯಲ್ವಾ?"

ಸೊಸೆ ತಲೆ ತಗ್ಗಿಸಿದಳು. ಹೇಳಿದ್ದಳು, ಒಂದಲ್ಲ, ನೂರು ಸಲ.

"ನೋಡ್ದ್ಯಾ! ಸರ್ಮಿನ್, ತಾಳೆಬೆಲ್ಲ ತಗೊಂಡ್ಬಾ, ಓಡು. ಗಂಜಿಗಿಡ್ತೀನಿ. ಸಂಜೆಯೊಳಗೆ ಹೆಸರು ಇಳಿಸ್ಬಿಡೋಣ."

ಸರ್ಮಿನ್ ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದ. ಬೇಲಿಯವರೆಗೂ ಹೋದ. ಅಲ್ಲಿ ಕಾಲು ನಿಂತಿತು. ಅವತ್ತೂ ಹೀಗೇ ಬೆಲ್ಲಕ್ಕೆ ಓಡಿದ್ದ. ಗಂಜಿ ಬೆಂದು, ಆರಿ, ಮನೆಮನೆಗೆ ಹೋಗುವವರೆಗೂ ಮಗುವಿನ ಪಕ್ಕದಲ್ಲಿ ಕೈಕಟ್ಟಿ ಕೂತಿದ್ದ. ಆಸ್ಪತ್ರೆಗೆ ಬೆಳಿಗ್ಗೆ ಹೋದರಾಯಿತು ಎಂದಿದ್ದವನೂ ಅವನೇ. ಆ ಮಾತನ್ನು ಎರಡು ವರ್ಷದಿಂದ ಅವನು ನೆನಪಿಗೆ ಬರಗೊಟ್ಟಿರಲಿಲ್ಲ.

ತಿರುಗಿ ಬಂದು ಮಗುವನ್ನು ಎತ್ತಿಕೊಂಡ. "ವಾರ್ಸಿ, ಹೆದರ್ಕೊಂಡು ಕೂರ್ಬೇಡ, ಎದ್ದೇಳು. ಸೈಕಲ್ ರಿಕ್ಷಾ ಕರೀತೀನಿ."

"ಹೆಸರು ಇಳಿಸ್ದೆ ಹೊಸ್ತಿಲು ದಾಟಿಸ್ಬೇಡ್ವೋ, ಲೇ!" ತಾಯಿ ದಾರಿಗಡ್ಡ ನಿಂತಳು. "ಮೊದಲ್ನೇದೂ ಹೀಗೇ ಹೋಯ್ತು!"

"ಹೀಗೆ ಹೋಗ್ಲಿಲ್ಲ, ಇಬು. ಮನೇಲೇ ಹೋಯ್ತು," ಎಂದು ಸರ್ಮಿನ್ ಪಕ್ಕಕ್ಕೆ ಸರಿದು ದಾಟಿದ.

ದಾರಿಯುದ್ದಕ್ಕೂ ಅವನಿಗೆ ಒಂದೇ ಯೋಚನೆ. ತಾಯಿಯ ಮಾತೇ ನಿಜವಾಗಿಬಿಟ್ಟರೆ? ಆಸ್ಪತ್ರೆಯ ನರ್ಸು ಬಟ್ಟೆ ಬಿಚ್ಚಿ ಹೊಕ್ಕುಳು ನೋಡಿದಳು. ಸುತ್ತ ಕೆಂಪಾಗಿ ಊದಿ, ಕೀವು ಒಸರುತ್ತಿತ್ತು.

"ಏನು ಮೆತ್ತಿದೀರ ಇದಕ್ಕೆ?"

"ಬೂದಿ, ಅರಿಶಿನ," ಎಂದಳು ವಾರ್ಸಿನಿ ಮೆಲ್ಲಗೆ.

"ನಂಜಾಗಿದೆ. ಸೂಜಿಮದ್ದು ಈಗ್ಲೇ ಶುರುಮಾಡ್ತೀವಿ. ನಾಳೆ ತಂದಿದ್ರೆ ಕೈಮೀರ್ತಿತ್ತು. ಹೆಸರೇನು?"

ವಾರ್ಸಿನಿ ಗಂಡನ ಮುಖ ನೋಡಿದಳು. ಅವನು ಮಗುವಿನ ಬಟ್ಟೆ ಸರಿಮಾಡತೊಡಗಿದ. ನರ್ಸು ಕಾಯದೆ 'ವಾರ್ಸಿನಿಯ ಮಗು' ಎಂದು ಬರೆದುಕೊಂಡು ಒಳಗೆ ಹೋದಳು.

ಆಸ್ಪತ್ರೆ ಸೇರಿದ ಮೂರನೆಯ ದಿನ ಬೆಳಿಗ್ಗೆ ಕರ್ತಿನೆಮ್ ಬಂದಳು. ಬಾಳೆಲೆಯ ಪೊಟ್ಟಣದಲ್ಲಿ ಮಗ, ಸೊಸೆಗೆ ಅನ್ನ ತಂದಿದ್ದಳು. ಪಡಸಾಲೆಯ ಬೆಂಚಿನಲ್ಲಿ ಮಗನ ಪಕ್ಕ ಕೂತಳು. ಮಗುವಿನ ಜ್ವರ ಇನ್ನೂ ಏರಿಳಿಯುತ್ತಿತ್ತು.

"ಹೊಕ್ಕುಳ ನಂಜಂತೆ," ಎಂದಳು.

"ಹೂಂ."

"ನಾನೇ ಅರೆದು ಹಚ್ಚಿದ್ದು. ನಮ್ಮಮ್ಮ ಹಚ್ತಿದ್ಲು, ನಿನಗೂ ಹಚ್ಚಿದ್ದೆ."

ಸರ್ಮಿನ್ ನೆಲ ನೋಡುತ್ತ ಹೇಳಿದ: "ವಿಚಕ್ಸೊನೊನ್ನ ಹೆಸರು ಕೊಲ್ಲಲಿಲ್ಲ, ಇಬು. ಗಂಜಿ ಆರೋವರೆಗೂ ಕೂತಿದ್ನಲ್ಲ, ನಾನು ಕೊಂದೆ."

ಮನೆಯಲ್ಲಿ ಎರಡು ವರ್ಷದಿಂದ ಯಾರೂ ಆಡದ ಹೆಸರು ಅದು. ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಸೆರಗು ಸರಿಸಿ, "ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ?" ಎಂದಳು. "ಹೆಸರಿನ ತಪ್ಪಲ್ಲ ಅಂದ್ರೆ ನಮ್ಮ ತಪ್ಪು ಅಂತಾಗ್ತದಲ್ಲೋ. ಅದನ್ನ ಹೊತ್ಕೊಂಡು ಹೇಗೆ ಬದುಕ್ಲಿ? ಹೆಸರಿನ ಮೇಲೆ ಹಾಕ್ದೆ."

ಸರ್ಮಿನ್ ತಾಯಿಯ ಒರಟು ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ. ಪಡಸಾಲೆಯಲ್ಲಿ ಜನ ಹೋಗುತ್ತ ಬರುತ್ತ ಇದ್ದರು. ಇಬ್ಬರೂ ಅನ್ನದ ಪೊಟ್ಟಣ ಬಿಚ್ಚಲಿಲ್ಲ.

ಹನ್ನೊಂದನೆಯ ದಿನ ಮಗುವನ್ನು ಮನೆಗೆ ಕಳಿಸಿದರು. ಹೆಸರಿಲ್ಲದೆ ಬಿಡುಗಡೆ ಚೀಟಿ ಕೊಡುವಂತಿಲ್ಲ ಎಂದ ಗುಮಾಸ್ತ ಪೆನ್ನು ಹಿಡಿದು ಕಾದ. ಸರ್ಮಿನ್ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಕರ್ತಿನೆಮ್ ಗಟ್ಟಿಯಾಗಿ, "ಬಾಸ್ಕೊರೊ," ಎಂದಳು. ಗುಮಾಸ್ತ ಬರೆದು ಮುಗಿಸುವವರೆಗೂ ಅವನ ಕೈಯಿಂದ ಕಣ್ಣು ತೆಗೆಯಲಿಲ್ಲ.

ತಿಂಗಳ ನಂತರ ಪಕ್ಕದ ಮನೆಯ ಬಸುರಿ ಹುಡುಗಿ ಸುಗಿಯಾರ್ತಿ ಬೇಲಿಯ ಬಳಿ ನಿಂತು ಕೇಳಿದಳು: "ಅಜ್ಜಿ, ಗಂಡಾದ್ರೆ ಯಾವ ಹೆಸರಿಡ್ಲಿ? ಭಾರ ಆಗ್ಬಾರ್ದು ನೋಡಿ."

"ನಿನಗಿಷ್ಟ ಆಗಿದ್ದು ಇಡು, ಮಗಾ," ಎಂದಳು ಕರ್ತಿನೆಮ್. ಆಮೇಲೆ ಬೇಲಿಯ ಮೇಲೆ ಬಾಗಿ ದನಿ ತಗ್ಗಿಸಿದಳು. "ಹೊಕ್ಕುಳಿಗೆ ಮಾತ್ರ ಏನೂ ಹಚ್ಬೇಡ. ಕೂಸು ಬಿಸಿಯಾದ್ರೆ ನನ್ನ ಕೇಳೋಕೆ ಬರ್ಬೇಡ. ಎತ್ಕೊಂಡು ಓಡು. ಆಸ್ಪತ್ರೆ ದಾರಿ ಗೊತ್ತಲ್ವಾ? ಬಾ, ಈಗ್ಲೇ ತೋರಿಸ್ತೀನಿ."

ಸೊಸೆಗೆ ಕೂಗಿ ಹೇಳಿ, ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಮುದುಕಿ ಆ ಹುಡುಗಿಯ ಕೈಹಿಡಿದು ಹೊರಟೇಬಿಟ್ಟಳು.