ಎರಡು ಬೆರಳು ಸಡಿಲ

ಅಂಗಿ ಹೆಗಲಿನಿಂದ ಕೆಳಗೆ ಇಳಿಯಲೇ ಇಲ್ಲ. ಎರಡೂ ಕೈ ಮೇಲೆತ್ತಿ, ಮರಳುಬಣ್ಣದ ಬಟ್ಟೆಯೊಳಗೆ ತಲೆ ಸಿಕ್ಕಿಸಿಕೊಂಡು ನಿಂತಿದ್ದ ಹೆಂಡತಿ ಒಳಗಿನಿಂದಲೇ ಕೇಳಿದಳು.

"ರೀ, ಇದು ಯಾರ ಅಳತೇದು?"

"ನಿಂದೇ," ಎಂದ ದರ್ಜಿ.

"ನಂದಾಗಿದ್ರೆ ನನ್ನನ್ನ ಒಳಗೆ ಬಿಟ್ಕೋಬೇಕಿತ್ತಲ್ಲ."

ಅವನು ಅಂಗಿಯನ್ನು ಮೆಲ್ಲಗೆ ಮೇಲಕ್ಕೆಳೆದು ಅವಳನ್ನು ಬಿಡಿಸಿದ. ಕೂದಲು ಕೆದರಿ, ಮುಖ ಕೆಂಪಗಾಗಿ ಹೊರಬಂದಳು. ಅವನ ಮಂಚದ ಮೇಲೆ ಇನ್ನೂ ಮೂರು ಅಂಗಿಗಳು ಸಾಲಾಗಿ ಮಲಗಿದ್ದವು. ಒಂದು ಗೋಧಿ ಬಣ್ಣದ್ದು, ಒಂದು ಬೂದಿ ಬಣ್ಣದ್ದು, ಇನ್ನೊಂದು ತಿಳಿನೀಲಿ. ನಾಲ್ಕಕ್ಕೂ ಒಂದೇ ಅಳತೆ. ಪಕ್ಕದಲ್ಲಿ ಪೆಟ್ಟಿಗೆ ಬಾಯಿ ತೆರೆದುಕೊಂಡು ಕಾಯುತ್ತಿತ್ತು. ಹೊರಡಲು ಉಳಿದಿದ್ದು ಮೂರು ದಿನ.

"ಅಳತೆ ಪುಸ್ತಕ ನೋಡಿಯೇ ಹೊಲಿದೆ," ಎಂದ.

"ಯಾವ ಪುಸ್ತಕ?"

"ಅಂಗಡಿ ಮುಚ್ಚಿದಾಗ ಮನೆಗೆ ತಂದಿದ್ದೆನಲ್ಲ, ಅದು."

"ಅದರಲ್ಲಿ ನನಗೆಷ್ಟು ವಯಸ್ಸು?"

ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. "ಮೂವತ್ತೆರಡು."

ಅವಳು ನಕ್ಕುಬಿಟ್ಟಳು. ನಗುತ್ತಲೇ ಕಣ್ಣೊರೆಸಿಕೊಂಡು, "ನನ್ನನ್ನ ಒಂದು ಮಾತು ಕೇಳಬಾರದಿತ್ತೇ? ಪಕ್ಕದ ಕೋಣೇಲೇ ಇದ್ದೆನಲ್ಲ," ಎಂದಳು.

ಇದ್ದಳು, ಅದು ನಿಜ. ಆರು ವರ್ಷದ ಹಿಂದೆ ಅವಳ ತಾಯಿ ಹಾಸಿಗೆ ಹಿಡಿದಾಗ, ರಾತ್ರಿ ಎದ್ದು ನೋಡಿಕೊಳ್ಳಲು ಅನುಕೂಲವೆಂದು ದಿಂಬು ಎತ್ತಿಕೊಂಡು ಪಕ್ಕದ ಕೋಣೆಗೆ ಹೋಗಿದ್ದಳು. ತಾಯಿ ಎರಡು ವರ್ಷ ನರಳಿ ತೀರಿಕೊಂಡರು. ದಿಂಬು ಮಾತ್ರ ಅಲ್ಲೇ ಉಳಿಯಿತು. ಜಗಳವಿಲ್ಲ, ಮುನಿಸಿಲ್ಲ. ದುಃಖ ಆರಲಿ, ತಾನಾಗಿ ಬರುತ್ತಾಳೆ ಎಂದು ಅವನು ಸುಮ್ಮನಿದ್ದ. ಅವಳು ಏನೆಂದುಕೊಂಡು ಸುಮ್ಮನಿದ್ದಳೋ ಅವನಿಗೆ ಗೊತ್ತಿಲ್ಲ. ಹಾಗೆ ಸುಮ್ಮನಿದ್ದು ಸುಮ್ಮನಿದ್ದು ನಾಲ್ಕು ವರ್ಷ ಕಳೆದುಹೋಗಿತ್ತು. ಊರವರ ಸೊಂಟಕ್ಕೆಲ್ಲ ಟೇಪು ಸುತ್ತಿದ ಮನುಷ್ಯ, ಕಟ್ಟಿಕೊಂಡ ಹೆಂಡತಿಗೆ ಸ್ವಲ್ಪ ನಿಲ್ಲು, ಅಳತೆ ತೆಗೆದುಕೊಳ್ಳುತ್ತೇನೆ ಎನ್ನಲು ನಾಚಿ ಹಳೆಯ ಪುಸ್ತಕ ತೆಗೆದಿದ್ದ.

ಮದುವೆಯಾಗಿ ನಲವತ್ತು ವರ್ಷವಾಯಿತೆಂದು ಮಗಳು ಏರ್ಪಾಡು ಮಾಡಿದ ಪ್ರವಾಸವಿದು. ನಾಲ್ಕು ದಿನ ಮರುಭೂಮಿಯ ಡೇರೆಯಲ್ಲಿ, ಐದು ದಿನ ನದಿಯ ಹಡಗಿನಲ್ಲಿ. ಪ್ರವಾಸದ ಕಚೇರಿಯವರು ಒಂದು ಹಾಳೆ ಕಳಿಸಿದ್ದರು. ಸಡಿಲವಾದ ಹತ್ತಿ ಬಟ್ಟೆ ತನ್ನಿ, ತೋಳು ಉದ್ದವಿರಲಿ, ರಾತ್ರಿ ಮರಳು ತಣ್ಣಗಾಗುತ್ತದೆ, ಒಂದು ಉಣ್ಣೆ ಶಾಲು ಇರಲಿ. ಇದೆಲ್ಲ ಸುಲಭ. ಕೊನೆಯಲ್ಲಿ ಒಂದು ಪ್ರಶ್ನೆಯಿತ್ತು: ಹಡಗಿನ ಕೋಣೆಯಲ್ಲಿ ಒಂದು ದೊಡ್ಡ ಮಂಚ ಬೇಕೋ, ಎರಡು ಬೇರೆ ಬೇರೆ ಮಂಚ ಬೇಕೋ? ಕಚೇರಿಯ ಹುಡುಗಿ ಎರಡು ಸಲ ಫೋನ್ ಮಾಡಿದ್ದಳು. ಎರಡು ಸಲವೂ ಅವನು, "ಮನೆಯವರನ್ನ ಕೇಳಿ ಹೇಳ್ತೀನಿ," ಎಂದಿದ್ದ. ಕೇಳಿರಲಿಲ್ಲ. ಒಂದೇ ಇರಲಿ ಎನ್ನುವ ಆಸೆ ಎದೆತುಂಬ ಇತ್ತು. ಹೆಂಡತಿ ಎರಡು ಎಂದುಬಿಟ್ಟರೆ ಏನು ಗತಿ ಎಂಬ ಭಯ ಅದಕ್ಕಿಂತ ದೊಡ್ಡದಿತ್ತು. ಇವತ್ತು ನಾಲ್ಕು ಗಂಟೆಗೆ ಆ ಹುಡುಗಿ ಮತ್ತೆ ಫೋನ್ ಮಾಡುವವಳಿದ್ದಳು.

"ನಿಲ್ಲು ಹಾಗಾದ್ರೆ," ಎಂದು ಕುತ್ತಿಗೆಗೆ ಟೇಪು ಹಾಕಿಕೊಂಡ. "ಕೈ ಸಡಿಲ ಬಿಡು."

ಕಿಟಕಿಗೆ ಅಡ್ಡವಾಗಿ ಅವನು ತೂಗುಹಾಕಿದ್ದ ಬಟ್ಟೆಯ ಮೂಲಕ ಮಧ್ಯಾಹ್ನದ ಬಿಸಿಲು ಸೋಸಿ ಬರುತ್ತಿತ್ತು. ಗೋಡೆ, ನೆಲ, ಅವಳ ಬಿಳಿಗೂದಲು, ಎಲ್ಲಕ್ಕೂ ಮರಳಿನ ಬಣ್ಣ. ಅವನು ಹೆಗಲಿಂದ ಹೆಗಲಿಗೆ ಟೇಪು ಹಿಡಿದ. ಅವಳು ಕಣ್ಣು ಮುಚ್ಚಿಕೊಂಡಳು.

"ಮೂವತ್ತು ವರ್ಷ ಆ ನದೀನ ನೀಲಿ ಸೀಮೆಸುಣ್ಣದಲ್ಲಿ ಬರೆದಿದೀನಿ," ಎಂದಳು. ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದವಳು. "ಟೀಚರ್, ನೀವು ನೋಡಿದೀರಾ ಅಂತ ಮಕ್ಕಳು ಕೇಳೋವು. ಹೂಂ ಅಂದುಬಿಡ್ತಿದ್ದೆ."

"ಹೇಗಿತ್ತು ಅಂತ ಕೇಳ್ತಿರಲಿಲ್ವೇ?"

"ಕೇಳೋವು. ನಿಧಾನವಾಗಿತ್ತು ಅಂತಿದ್ದೆ."

ಅವನು ತೋಳಿನ ಉದ್ದ ನೋಡಿದ. ಆಮೇಲೆ ಎದೆಯ ಸುತ್ತಳತೆಗೆ ಎರಡೂ ಕೈಗಳನ್ನು ಅವಳ ಬೆನ್ನ ಹಿಂದೆ ಒಯ್ದು ಟೇಪನ್ನು ಮುಂದಕ್ಕೆ ತಂದ. ಸೋಪಿನ ವಾಸನೆ, ಬೆವರಿನ ವಾಸನೆ, ಮರೆತೇಹೋಗಿದ್ದ ಇನ್ನೊಂದು ವಾಸನೆ. ಕಾಲ ಕೆಳಗಿನ ನೆಲ ಹಡಗಿನ ಹಾಗೆ ಸಣ್ಣಗೆ ತೂಗಿದಂತಾಯಿತು. ಬಟ್ಟೆಯ ಬೀರು, ಹೊಲಿಗೆ ಯಂತ್ರ, ಬಾಗಿಲು ಒಂದೊಂದಾಗಿ ಹಿಂದಕ್ಕೆ ಸರಿಯುತ್ತ ಹೋದವು; ದಡದ ಮೇಲೆ ಯಾರೋ ಬಟ್ಟೆ ಒಣಗಹಾಕುತ್ತಿದ್ದರು, ಅದೂ ಹಿಂದಕ್ಕೆ ಹೋಯಿತು. ಅವರಿಬ್ಬರು ಮಾತ್ರ ನಿಂತಲ್ಲೇ ಇದ್ದು ಎಲ್ಲಿಗೋ ಹೋಗುತ್ತಿದ್ದರು. ಅವನಿಗೆ ಅಳು ಬಂದಂತಾಯಿತು, ಸಂತೋಷಕ್ಕೇ ಬಂದಂತಾಯಿತು.

"ಎಷ್ಟು ಬಂತು?" ಎಂದಳು.

"ಮರೆತೆ."

"ಇನ್ನೊಂದ್ಸಲ ನೋಡಿ ಮತ್ತೆ. ಎಲ್ಲಿಗೆ ಹೋಗಿದ್ರಿ?"

ಅವನು ಮತ್ತೆ ನೋಡಿದ. ಟೇಪಿನೊಳಗೆ ಎರಡು ಬೆರಳು ತೂರಿಸಿ ಹಿಡಿದ. ಅಳತೆಗಿಂತ ಅಷ್ಟು ಸಡಿಲ ಬಿಡುವುದು ಅವನ ಪದ್ಧತಿ.

"ಸಾಲದು," ಎಂದಳು. "ಇನ್ನೂ ಬಿಡಿ. ನಾನು ಉಸಿರಾಡಬೇಕು."

ಪುಣ್ಯಕ್ಕೆ ಕೆಲಸ ಪೂರ್ತಿ ಕೆಟ್ಟಿರಲಿಲ್ಲ. ಬೆಳೆಯುವ ಮಕ್ಕಳ ಸಮವಸ್ತ್ರ ಹೊಲಿದ ಕೈ ಅದು, ಪಕ್ಕದ ಹೊಲಿಗೆಯೊಳಗೆ ಧಾರಾಳವಾಗಿ ಬಟ್ಟೆ ಮಡಿಚಿಟ್ಟಿತ್ತು. ಬಿಚ್ಚಿ, ಕಂಕುಳಲ್ಲಿ ಒಂದೊಂದು ತುಂಡು ಸೇರಿಸಿದರೆ ನಾಲ್ಕೂ ಅಂಗಿ ಅವಳಿಗೆ ಆಗುತ್ತವೆ. ಅವನು ಅದನ್ನು ವಿವರಿಸುತ್ತಿದ್ದಂತೆ ಅವಳು ಅಂಗಿಗಳನ್ನು ಪೆಟ್ಟಿಗೆಯ ಮೇಲೆ ಹಾಕಿ ಮಂಚದ ಅಂಚಿನಲ್ಲಿ ಕೂತಳು. "ಸ್ವಲ್ಪ ಬೆನ್ನು ಚಾಚ್ತೀನಿ," ಎಂದು ಮಲಗಿಯೂಬಿಟ್ಟಳು.

ನಾಲ್ಕಕ್ಕೆ ಸರಿಯಾಗಿ ಫೋನ್ ಬಂತು. ಅದೇ ಹುಡುಗಿ, ಅದೇ ಪ್ರಶ್ನೆ. ಅವನು ಫೋನನ್ನು ಎದೆಗೆ ಒತ್ತಿಕೊಂಡು ಹೆಂಡತಿಯ ಕಡೆ ತಿರುಗಿದ.

"ಹಡಗಿನ ಕೋಣೇಲಿ ಮಂಚ ಒಂದು ಸಾಕೋ, ಎರಡು ಬೇಕೋ ಅಂತ ಕೇಳ್ತಿದಾರೆ."

ಅವಳು ಕಣ್ಣು ತೆರೆಯಲಿಲ್ಲ. ಬೀದಿಯಲ್ಲಿ ಯಾರದೋ ಸೈಕಲ್ ಗಂಟೆ ಬಾರಿಸುತ್ತ ದೂರ ಹೋಯಿತು. ನಿದ್ದೆ ಹೋದಳೇನೋ ಎಂದುಕೊಂಡ.

"ಮಲಗಿದಲ್ಲಿಂದ ನದಿ ಕಾಣುತ್ತಂತಾ, ಕೇಳಿ."

ಕೇಳಿದ. "ಒಂದು ಪಕ್ಕಕ್ಕೆ ಕಿಟಕಿ ಇದೆಯಂತೆ."

"ಕಿಟಕಿ ಕಡೆ ನಾನು," ಎಂದಳು ಅವಳು. "ನಿಮಗೆ ಈಚೆ ಕಡೆ. ಮೊದಲಿನ ಹಾಗೇ ಹೊದಿಕೆ ಎಳ್ಕೊಂಡ್ರೆ ನೋಡಿ ಮತ್ತೆ."

ಅವನು ಫೋನಿಗೆ, "ಒಂದು," ಎಂದ. ಹುಡುಗಿ ಎಷ್ಟು ಎಂದು ಮತ್ತೆ ಕೇಳಿದಳು. "ಒಂದೇಮ್ಮಾ. ಒಂದೇ ಸಾಕು," ಎಂದ.

ಯಂತ್ರ ತುಳಿದರೆ ಸದ್ದಿಗೆ ಎಚ್ಚರವಾದೀತೆಂದು ಸೂಜಿದಾರ ಹಿಡಿದು ಕುರ್ಚಿಯಲ್ಲಿ ಕೂತ. ನೀಲಿ ಅಂಗಿಯ ಹೊಲಿಗೆಯನ್ನು ಎಳೆ ಎಳೆಯಾಗಿ ಬಿಚ್ಚಿದ, ಒಂದು ಪಕ್ಕಕ್ಕೆ ಹೊಸ ಹೊಲಿಗೆ ಹಾಕಿದ. ಬಿಸಿಲು ಗೋಡೆಯ ಮೇಲೆ ನಿಧಾನಕ್ಕೆ ಏರುತ್ತಿತ್ತು. ಅವಳು ನಿದ್ದೆಯಲ್ಲೇ ಮಗ್ಗುಲು ಬದಲಿಸಿ ಗೋಡೆಯತ್ತ ಸರಿದಳು; ಈಚೆ ಕಡೆ ಒಬ್ಬರಿಗಾಗುವಷ್ಟು ಜಾಗವಾಯಿತು. ಅವನು ದಾರ ಕಡಿದು, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಕನ್ನಡಕ ತೆಗೆದ.