ನೀಲಿ ಕೋಟಿನ ತೋಳು

ಮರ್ಲೀನ್ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಈನಿಡ್ ಕೊನೆಯ ಹೊಲಿಗೆಗೆ ಕತ್ತರಿ ಹಾಕುತ್ತಿದ್ದಳು. ಚರ್ಚಿನ ಪಕ್ಕದ ಸಣ್ಣ ಮಬ್ಬು ಕೋಣೆ, ಮೂಲೆಯಲ್ಲಿ ಸೌದೆ ಒಲೆ. ಚಳಿಗೆ ಬೆರಳು ಮರಗಟ್ಟುತ್ತವೆಂದು ಮುದುಕಿ ಕಪ್ಪು ಉಣ್ಣೆಯ ಕೈಗವಸನ್ನೂ ತೆಗೆದಿರಲಿಲ್ಲ. ಅವಳ ಮಡಿಲಲ್ಲಿದ್ದದ್ದು ಮರ್ಲೀನಳ ತಾಯಿ ಡಲ್ಸಿಯ ನೀಲಿ ಕೋಟು. ಆ ಕೋಟಿನ ತೋಳಿಗೆ ಇಷ್ಟು ವರ್ಷ ಅಂಟಿಕೊಂಡಿದ್ದ ಅಂಗೈಯಗಲದ ಹಳದಿ ಇಂಗ್ಲಿಷ್ ‘ಸಿ’ ಅಕ್ಷರ ಈಗ ಒಂದೇ ಎಳೆಯಲ್ಲಿ ನೇತಾಡುತ್ತಿತ್ತು.

“ದೊಡ್ಡಮ್ಮ, ಏನ್ ಮಾಡ್ತಾ ಇದ್ದೀರಿ?”

“ಕಾಣಿಸ್ತಿಲ್ವಾ? ನನ್ನ ತಂಗೀನ ಮರ್ಯಾದೆಯಿಂದ ಕಳಿಸ್ತಾ ಇದ್ದೀನಿ.”

ಎಳೆ ಕಡಿಯಿತು. ಮರ್ಲೀನ್ ಕೈ ಚಾಚುವಷ್ಟರಲ್ಲಿ ಈನಿಡ್ ಎದ್ದು, ಒಲೆಯ ಬಾಗಿಲು ತೆರೆದು, ಹಳದಿ ತುಂಡನ್ನು ಒಳಗೆ ಹಾಕಿಯೇಬಿಟ್ಟಳು. ಕೋಲಿಲ್ಲದೆ ನಾಲ್ಕು ಹೆಜ್ಜೆ ಇಡಲಾರದ ಹೆಂಗಸಿಗೆ ಅಷ್ಟು ಚುರುಕು ಎಲ್ಲಿಂದ ಬಂತೋ. ಸುಟ್ಟ ಉಣ್ಣೆಯ ನಾತ ಕೋಣೆಯನ್ನೆಲ್ಲ ತುಂಬಿಕೊಂಡಿತು.

ಮರ್ಲೀನಳಿಗೆ ಮೈಯೆಲ್ಲ ಉರಿಯಿತು. “ಆಸ್ಪತ್ರೇಲಿ ಅಮ್ಮ ನನ್ನ ಹತ್ರ ಕೇಳಿದ್ದು ಇದೊಂದೇ. ಶವಪೆಟ್ಟಿಗೆ ಮೇಲೆ ಹೂವು ಬೇಡ, ಕೋಟು ಹಾಸು, ಆ ತೋಳು ಎಲ್ರಿಗೂ ಕಾಣೋ ಹಾಗಿರ್ಲಿ ಅಂದಿದ್ಲು. ನಾನು ಮಾತು ಕೊಟ್ಟಿದ್ದೆ.”

“ಹೋಗೋರು ಏನೇನೋ ಕೇಳ್ತಾರೆ ಕಣೇ. ಊರಲ್ಲಿ ಮುಖ ತೋರಿಸ್ಕೊಂಡು ಓಡಾಡೋಳು ನಾನು.”

“ಹಾಸೇ ಹಾಸ್ತೀನಿ. ಬೋಳು ತೋಳಾದ್ರೂ ಸರಿ.”

“ಹಾಸು. ಈಗ ಅದು ಬರೀ ಕೋಟು,” ಎಂದು ಈನಿಡ್ ಕತ್ತರಿಯನ್ನು ಕೈಚೀಲಕ್ಕೆ ಹಾಕಿಕೊಂಡಳು. ಹೊರಗೆ ಗಂಟೆ ಮೊಳಗತೊಡಗಿತು. ಬೇರೆ ಹಳದಿ ಬಟ್ಟೆ ಹುಡುಕಲು ಹೊತ್ತಿರಲಿಲ್ಲ. ಮರ್ಲೀನ್ ಕೋಟನ್ನು ಎದೆಗವಚಿಕೊಂಡು ಹೊರಟಳು.

*

ಎಷ್ಟೋ ವರ್ಷಗಳ ಹಿಂದೆ ವಂಶಾವಳಿ ಹುಡುಕುವವನನ್ನು ಮೊದಲು ಕರೆಸಿದವಳು ಈನಿಡಳೇ. ಚರ್ಚಿಗೆ ಬಣ್ಣದ ಗಾಜಿನ ಕಿಟಕಿ ಬರುವುದಿತ್ತು. ಊರಿನ ಹಳೆಯ ಮನೆತನಗಳ ಹೆಸರನ್ನು ಅದರ ಕೆಳಗೆ ಬರೆಸೋಣ ಎಂದಿದ್ದರು ಪಾದ್ರಿಗಳು. ಈನಿಡ್ ಮತ್ತು ಡಲ್ಸಿಯ ತವರಿನಲ್ಲಿ ತಲೆತಲಾಂತರದಿಂದ ನಡೆದುಬಂದ ಮಾತೊಂದಿತ್ತು: ನಾವು ಇಂಗ್ಲೆಂಡಿನ ಕ್ಯಾಪ್ಟನ್ ಟ್ರೆಸ್ಕಾಟ್ ಕಡೆಯವರು. ಯಾವ ಕ್ಯಾಪ್ಟನ್, ಯಾವ ಕಡೆ ಎಂದು ಯಾರೂ ಕೇಳಿರಲಿಲ್ಲ. ಇಂಗ್ಲೆಂಡು ಒಂದು ಕಾಲಕ್ಕೆ ತನ್ನ ಕೈದಿಗಳನ್ನು ಹಡಗಿನಲ್ಲಿ ಸಾಗಹಾಕುತ್ತಿದ್ದ ಟಾಸ್ಮೇನಿಯಾದಲ್ಲಿ ಮುತ್ತಜ್ಜ ಯಾರೆಂದು ಕೇಳುವುದು ಹೆಂಗಸಿನ ವಯಸ್ಸು ಕೇಳುವುದಕ್ಕಿಂತ ಒರಟು. ದೊಡ್ಡ ಮನೆತನದ ಕೆಲವರು ಹಳೆಯ ಜೈಲು ದಾಖಲೆಗಳಿಂದ ತಮ್ಮವರ ಹಾಳೆಯನ್ನೇ ಹರಿದುಕೊಂಡು ಬಂದದ್ದೂ ಉಂಟು.

ಹಾಬರ್ಟಿನಿಂದ ಬಂದ ಲೂಕಿನ್ ಎಂಬ ಬಡಕಲು ಮನುಷ್ಯ ಎಲ್ಲವನ್ನೂ ಕೇಳಿಕೊಂಡು ಹೋದ. ಇಂಗ್ಲೆಂಡಿನ ಹಳ್ಳಿ ಚರ್ಚುಗಳಿಗೆಲ್ಲ ಬರೆದು ವಿಚಾರಿಸಿದ. ಸೇಬು ಹೂಬಿಟ್ಟಾಗ ಹೋದವನು ಕಾಯಿ ಕೆಂಪಾಗುವ ಹೊತ್ತಿಗೆ ಮರಳಿ ಬಂದು ಈನಿಡಳ ಮೇಜಿನ ಮುಂದೆ ಕೂತ. ಕೊಟ್ಟ ಟೀ ಆರುತ್ತಿದ್ದರೂ ಮುಟ್ಟಲಿಲ್ಲ.

“ಕ್ಯಾಪ್ಟನ್ ಟ್ರೆಸ್ಕಾಟ್ ಇದ್ದದ್ದು ನಿಜ,” ಎಂದ.

ಈನಿಡ್ ತಂಗಿಯ ಕಡೆ ಗೆದ್ದವಳ ಹಾಗೆ ನೋಡಿದಳು. ಡಲ್ಸಿ ಕೇಕಿನ ತುಂಡೊಂದನ್ನು ಬಾಯಿಗೆ ಹಾಕಿಕೊಂಡಳು.

“ಹಡಗು ಅವರದ್ದು,” ಲೂಕಿನ್ ಗಂಟಲು ಸರಿಮಾಡಿಕೊಂಡ. “ನಿಮ್ಮ ಮುತ್ತಜ್ಜಿ ಹ್ಯಾನಾ ಗೆಜ್ ಅದರ ತಳದಲ್ಲಿದ್ರು. ಕೈದಿಗಳ ಜೊತೆ. ಇಂಗ್ಲೆಂಡಿನ ನಾರ್ಫಕ್ ಕಡೆ ಒಂದು ಮನೇಲಿ ಅಡುಗೆ ಕೆಲಸಕ್ಕಿದ್ರಂತೆ. ಯಜಮಾನಿಯ ಹಾಸಿಗೆ ಬಟ್ಟೆ ಕದ್ದು ಸಿಕ್ಕಿಹಾಕ್ಕೊಂಡ್ರು.”

ಈನಿಡ್ ಕೇಕಿನ ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು.

“ನಿಮ್ಮ ಹುಡುಕಾಟ ಇಲ್ಲಿಗೇ ನಿಲ್ಲಿಸಿ,” ಎಂದಳು ಈನಿಡ್.

“ನಿಲ್ಲಿಸ್ಬೇಡಿ,” ಎಂದಳು ಡಲ್ಸಿ, ಬಾಯಲ್ಲಿ ಕೇಕಿಟ್ಟುಕೊಂಡೇ. “ಇನ್ಮೇಲೆ ನಾನು ಕರೆಸಿದ್ದು ಅಂತಿಟ್ಕೊಳ್ಳಿ. ಇಲ್ಲಿಗೆ ಬಂದ್ಮೇಲೆ ಏನಾದ್ಲು ಅವಳು?”

ಲೂಕಿನ್ ಅಕ್ಕನನ್ನೊಮ್ಮೆ ತಂಗಿಯನ್ನೊಮ್ಮೆ ನೋಡಿದ. “ಕದ್ದದ್ದು ಅದೊಂದೇ ಸಲ. ಇಲ್ಲಿ ಆದ ಶಿಕ್ಷೆಯೆಲ್ಲ ಬಾಯಿಗೆ. ಯಜಮಾನನಿಗೆ ಎದುರು ಮಾತಾಡಿದ್ದಕ್ಕೆ. ಪ್ರಾರ್ಥನೆ ಹೊತ್ನಲ್ಲಿ ನಕ್ಕಿದ್ದಕ್ಕೆ. ಗಂಜಿ ತೆಳ್ಳಗಿದೆ ಅಂತ ಜೈಲಿನ ಮೇಲ್ವಿಚಾರಕಿಯ ಬೂಟಿನ ಮೇಲೆ ಸುರಿದದ್ದಕ್ಕೆ. ಅಂಥ ಹೆಂಗಸ್ರ ತೋಳಿಗೆ ಹಳದಿ ‘ಸಿ’ ಹೊಲೀತಿದ್ರು. ‘ಕ್ರೈಮ್ ಕ್ಲಾಸ್’ ಅಂತ, ಕೈದಿಗಳಲ್ಲೇ ಕೊನೇ ದರ್ಜೆಯ ಗುರುತು.”

ಡಲ್ಸಿ ನಕ್ಕ ನಗೆ ಬೀದಿಗೂ ಕೇಳಿಸಿತಂತೆ. ಜೀವಮಾನವಿಡೀ ಸೇಬಿನ ಪ್ಯಾಕಿಂಗ್ ಶೆಡ್ಡಿನಲ್ಲಿ ನಿಂತು ದುಡಿದ ಹೆಂಗಸು. ಎದುರು ಮಾತಾಡಿದಳೆಂದು ಎರಡು ಸಲ ಅವಳನ್ನು ಕೆಲಸದಿಂದ ತೆಗೆದಿದ್ದರು, ಅವಳಷ್ಟು ಬೇಗ ಹಣ್ಣಿಗೆ ಕಾಗದ ಸುತ್ತುವವರು ಸಿಗದೆ ಎರಡು ಸಲವೂ ತಾವೇ ಕರೆದಿದ್ದರು. ಹೆಂಗಸರ ಟೀ ವಿರಾಮ ಕಡಿಮೆ ಮಾಡಿದಾಗ ಸೇಬಿನ ಖಾಲಿ ಪೆಟ್ಟಿಗೆಗಳ ಮೇಲೆ ಕೂತು ನಿಟ್ಟಿಂಗ್ ಶುರು ಮಾಡಿದವಳು ಅವಳು. ಮೇಸ್ತ್ರಿ ರೆಗ್ ಟೀ ತಂದುಕೊಡುವ ತನಕ ಏಳಲಿಲ್ಲ.

“ಅಂತೂ ಈ ಬಾಯಿ ಎಲ್ಲಿಂದ ಬಂತು ಅಂತ ಗೊತ್ತಾಯ್ತು,” ಎಂದು ಅವಳು ಕಣ್ಣೊರೆಸಿಕೊಂಡಳು. “ಇಷ್ಟು ದಿನ ನನ್ನೊಬ್ಬಳದೇ ತಪ್ಪು ಅಂದ್ಕೊಂಡಿದ್ದೆ, ಅಕ್ಕ.”

ಮುಂದಿನ ಭಾನುವಾರ ಡಲ್ಸಿ ಚರ್ಚಿಗೆ ಬಂದಾಗ ಅವಳ ಒಳ್ಳೆಯ ನೀಲಿ ಕೋಟಿನ ತೋಳಲ್ಲಿ ಹಳದಿ ‘ಸಿ’ ಇತ್ತು. ನೇರ ಬಂದು ಅಕ್ಕನ ಹಿಂದಿನ ಬೆಂಚಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಹಾಡಿದಳು. ಕಿಟಕಿಯ ಕೆಳಗೆ ಈನಿಡಳ ತವರಿನ ಹೆಸರು ಬರಲಿಲ್ಲ. ಅಕ್ಕ ಹಬ್ಬಕ್ಕೆ ಜಾಮ್ ಕಳಿಸುವುದನ್ನು ಬಿಡಲಿಲ್ಲ, ತಂಗಿ ಕೋಟು ಹಾಕುವುದನ್ನು ಬಿಡಲಿಲ್ಲ. ಅಂಗಡಿಗೆ, ದೋಣಿಕಟ್ಟೆಗೆ, ವರ್ಷ ವರ್ಷದ ಬಿಸಿಲಿಗೆ, ಉಪ್ಪುಗಾಳಿಗೆ, ಅದೇ ಕೋಟು.

*

ಪ್ರಾರ್ಥನೆಯುದ್ದಕ್ಕೂ ಚರ್ಚಿನ ಒಳಗೆ ಮಬ್ಬಾಗಿತ್ತು. ಪೆಟ್ಟಿಗೆಯ ಮೇಲೆ ಹಾಸಿದ ಕೋಟಿನತ್ತ ಮರ್ಲೀನ್ ಕಣ್ಣೆತ್ತಲಿಲ್ಲ. ಕೊಟ್ಟ ಮಾತು ಒಲೆಯಲ್ಲಿ ಬೂದಿಯಾಗಿತ್ತು. ತನ್ನ ಸರದಿ ಬಂದಾಗ ಅವಳು ಎದ್ದು ನಿಂತು ಹ್ಯಾನಾ ಗೆಜ್‌ಳ ಗಂಜಿಯ ಕತೆಯನ್ನು ಹೇಳಿಯೇ ಹೇಳಿದಳು. ಹಿಂದಿನ ಸಾಲುಗಳಲ್ಲಿದ್ದ ಪ್ಯಾಕಿಂಗ್ ಶೆಡ್ಡಿನ ಹೆಂಗಸರು ನಕ್ಕರು. ಮುಂದಿನ ಸಾಲಿನವರು ನಗಲಿಲ್ಲ.

ಪೆಟ್ಟಿಗೆಯನ್ನು ಹೊತ್ತು ಚರ್ಚಿನ ಹಿಂದಿನ ಸಮಾಧಿಗಳ ನಡುವೆ ತಂದು, ಗುಂಡಿಗೆ ಅಡ್ಡಲಾಗಿಟ್ಟ ಹಲಗೆಗಳ ಮೇಲೆ ಇಳಿಸಿದರು. ಹೊರಗೆ ಬಿಸಿಲು ಬಿದ್ದಿತ್ತು. ನದಿಯಾಚೆ ತೋಟಗಳಲ್ಲಿ ಸೇಬು ಕೀಳುವವರ ಏಣಿಗಳು ಕಾಣುತ್ತಿದ್ದವು. ಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ ಮೇಸ್ತ್ರಿ ರೆಗ್ ಸೊಂಟ ನೆಟ್ಟಗೆ ಮಾಡಿಕೊಂಡು, ಕೋಟಿನತ್ತ ನೋಡಿ, ಟೋಪಿ ತೆಗೆದ.

“ಅಯ್ಯೋ ದೇವ್ರೇ. ಡಲ್ಸಿ, ಇನ್ನೂ ಎದುರು ಮಾತಾಡ್ತಾನೇ ಇದ್ದೀಯಲ್ಲೇ.”

ಮರ್ಲೀನ್ ಬಗ್ಗಿ ನೋಡಿದಳು. ಕೋಟು ವರ್ಷಗಳ ಬಿಸಿಲಿಗೆ ಮಾಸಿ ಬೂದುಬಣ್ಣಕ್ಕೆ ತಿರುಗಿತ್ತು. ಹಳದಿ ತುಂಡು ಮುಚ್ಚಿಕೊಂಡಿದ್ದ ಜಾಗದಲ್ಲಿ ಮಾತ್ರ ಅಂಗಡಿಯಿಂದ ತಂದ ದಿನದ ಕಡುನೀಲಿ ಹಾಗೇ ಉಳಿದಿತ್ತು. ಅಂಚು ಸಮೇತ, ಅಚ್ಚು ಹೊಡೆದ ಹಾಗೆ, ‘ಸಿ’. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಅಷ್ಟರಲ್ಲಿ ಮಿಸೆಸ್ ಥರ್ಲೋ ಮುಂದೆ ಬಂದರು. ಚರ್ಚಿನ ಕಿಟಕಿಯ ಕೆಳಗೆ ಎಲ್ಲಕ್ಕಿಂತ ಮೇಲಿರುವುದು ಇವರ ಮನೆತನದ ಹೆಸರು. ಆಕೆ ಉಪಕಾರ ಮಾಡುವವರ ಹಾಗೆ ಕೋಟಿನ ತೋಳನ್ನು ಎತ್ತಿ ಮಡಚಿ ಅಡಿಗೆ ಸೇರಿಸಿದರು.

“ನೀವಾದ್ರೂ ಕಿತ್ತು ಹಾಕಿದ್ರಲ್ಲ ಈನಿಡ್, ಒಳ್ಳೇ ಕೆಲಸ,” ಎಂದರು ತಗ್ಗಿದ ದನಿಯಲ್ಲಿ. “ನಿಮ್ಮ ಮನೆಯ ಕಳಂಕ ಇವತ್ತಿಗೆ ತೊಲಗಿತು ಅಂದ್ಕೊಳ್ಳಿ. ಪಾಪ, ಅವಳಿಗೆ ಮೊದಲಿಂದ್ಲೂ ನಾಚಿಕೆ ಅನ್ನೋದೇ ಇರ್ಲಿಲ್ಲ.”

ಮರ್ಲೀನ್ ಮುನ್ನುಗ್ಗಿದಳು. ಆದರೆ ಅವಳಿಗಿಂತ ಮುಂಚೆ ಈನಿಡಳ ಕೋಲು ಹಲಗೆಗೆ ಬಡಿಯಿತು.

“ಕೈ ತೆಗೀರಿ.”

“ಈನಿಡ್, ನಾನು ನಿಮ್ಮ ಒಳ್ಳೇದಕ್ಕೇ...”

“ನನ್ನ ತಂಗೀನ ಬೈಯೋಳು ನಾನು. ನಿಮಗೆ ಯಾರು ಕೊಟ್ರು ಆ ಅಧಿಕಾರ? ನಿಮ್ಮಜ್ಜನ ಅಪ್ಪ ಯಾವ ಹಡಗಲ್ಲಿ ಬಂದ ಅಂತ ಹೇಳಿ ನೋಡೋಣ.”

ಮಿಸೆಸ್ ಥರ್ಲೋ ಅವರ ಕಣ್ಣು ಗುಂಪಿನ ಅಂಚಿನಲ್ಲಿ ನಿಂತಿದ್ದ ಲೂಕಿನ್ ಕಡೆ ಹರಿಯಿತು. ಈಗ ಪೂರ್ತಿ ತಲೆ ನರೆತಿದ್ದ ಲೂಕಿನ್ ತನ್ನ ಬೂಟಿನ ತುದಿಯನ್ನು ಬಹಳ ಗಮನವಿಟ್ಟು ನೋಡುತ್ತಿದ್ದ.

“ಬಿಡಿ, ಅವರನ್ನ ಕೇಳಿ ಪ್ರಯೋಜನವಿಲ್ಲ,” ಎಂದಳು ಈನಿಡ್. “ಜೈಲು ದಾಖಲೇಲಿ ನಿಮ್ಮವರ ಹಾಳೆ ಸಿಕ್ಕಿರಲಿಕ್ಕಿಲ್ಲ.”

ಪ್ಯಾಕಿಂಗ್ ಶೆಡ್ಡಿನ ಹೆಂಗಸರಲ್ಲಿ ಯಾರೋ ಕೆಮ್ಮಿದರು. ಈನಿಡ್ ಬಗ್ಗಿ, ಮಡಚಿದ ತೋಳನ್ನು ಹೊರಗೆಳೆದು, ಪೆಟ್ಟಿಗೆಯ ಮೇಲೆ ಬಿಡಿಸಿ ಹಾಸಿದಳು. ನೀಲಿ ಗುರುತು ಮೇಲಕ್ಕೆ ಬರುವ ತನಕ ಅಂಗೈಯಿಂದ ಒತ್ತಿ ಒತ್ತಿ ನೆಟ್ಟಗೆ ಮಾಡಿದಳು.

“ಕೋಟು ತೆಗೀಬೇಕೇನಮ್ಮ?” ಹಗ್ಗ ಹಿಡಿದವನು ಕೇಳಿದ.

“ಯಾಕೆ? ಅವಳದ್ದದು,” ಎಂದಳು ಈನಿಡ್. “ಹಾಗೇ ಇಳಿಸಪ್ಪ.”

ಮಣ್ಣು ಹಾಕಿದ ಮೇಲೆ ಜನ ಸಾಲುಗಟ್ಟಿ ಬಂದು ಮನೆಯವರ ಕೈ ಕುಲುಕತೊಡಗಿದರು. ಆಗ ಮರ್ಲೀನ್ ದೊಡ್ಡಮ್ಮನ ಕೈ ನೋಡಿದಳು. ಕಪ್ಪು ಕೈಗವಸಿನ ತುಂಬ ಬೆಳಗಿನ ಹಳದಿ ನೂಲಿನ ಚೂರುಗಳು.

“ದೊಡ್ಡಮ್ಮ, ಕೈಗೆ ಅಂಟ್ಕೊಂಡಿದೆ. ತಾಳಿ, ಒರೆಸ್ತೀನಿ.”

“ಗೊತ್ತು. ಇರ್ಲಿ ಬಿಡು.”

ಈನಿಡ್ ಎಲ್ಲರ ಕೈಯನ್ನೂ ಬಿಗಿಯಾಗಿ ಹಿಡಿದು ಕುಲುಕಿದಳು. ಪಾದ್ರಿಯದ್ದು, ರೆಗ್‌ನದ್ದು, ಲೂಕಿನ್‌ದು. ಮಿಸೆಸ್ ಥರ್ಲೋ ಬಂದಾಗ ಎರಡೂ ಕೈ ಸೇರಿಸಿ ಹಿಡಿದು, ಬೇಗ ಬಿಡಲಿಲ್ಲ. ಆಕೆ ಕಾರಿನ ತನಕ ನಡೆದು, ಬಾಗಿಲ ಹತ್ತಿರ ನಿಂತು, ತಮ್ಮ ಕಪ್ಪು ಕೈಗವಸಿನ ಮೇಲೆ ಅಂಟಿದ್ದ ಹಳದಿ ಎಳೆಯನ್ನು ಕೊಡವಿದರು. ಅದು ಹೋಗಲಿಲ್ಲ. ಇನ್ನೊಂದು ಕೈಯಿಂದ ಕೀಳಲು ನೋಡಿದರು. ಆ ಕೈಗೂ ಅಂಟಿಕೊಂಡಿತು.