ವಿಳಾಸ ಬದಲಾದ ಮೇಲೆ

ನಾನು ಕೆಲಸಕ್ಕಿರುವ ಶಾಲೆಯ ಅಡುಗೆಮನೆಗೆ ಲೊರೆಟ್ಟಾ ಸೇರಿದ್ದು ಗಂಡನಿಗೆ ರೈಲ್ವೆಯಲ್ಲಿ ವರ್ಗವಾಗಿ ಅಮೆರಿಕದ ನೆಬ್ರಾಸ್ಕಾ ರಾಜ್ಯದಿಂದ ವಯೋಮಿಂಗ್‌ಗೆ ಬಂದ ವರ್ಷ. ಬರುವಾಗಲೇ ಆನ್‌ಲೈನ್ ಕಾಲೇಜೊಂದರಲ್ಲಿ ಟೀಚರ್ ಓದು ಹಿಡಿದಿದ್ದಳು. ಆ ಕಾಲೇಜು ಇರುವುದು ಇನ್ನೆಲ್ಲೋ, ಮೂರನೆಯದೊಂದು ರಾಜ್ಯದಲ್ಲಿ. ಅದರ ಬಾಗಿಲನ್ನೂ ಇವಳು ಕಂಡವಳಲ್ಲ. ಹೊಸ ವಿಳಾಸ ಕಳಿಸಿದಾಗ "ಬದಲಾಯಿಸಿದ್ದೇವೆ, ಧನ್ಯವಾದ" ಅಂತ ಉತ್ತರ ಬಂದಿತ್ತು. ಅಷ್ಟೇ.

ನಾಲ್ಕು ವರ್ಷ ಅವಳು ಪಾತ್ರೆ ತೊಳೆದಾದ ಮೇಲೆ ಹಿಟ್ಟಿನ ಚೀಲಗಳ ಮೇಲೆ ಕೂತು ಪಾಠ ಕೇಳಿದಳು. ಕೊನೆಗೆ ಉಳಿದದ್ದು ತರಗತಿಯಲ್ಲಿ ಹದಿನಾಲ್ಕು ವಾರದ ತರಬೇತಿ. ನಮ್ಮ ಪ್ರಿನ್ಸಿಪಾಲರೇ ಮೂರನೇ ಕ್ಲಾಸು ಕೊಡಲು ಒಪ್ಪಿದ್ದರು.

ಆಗ ಕಾಲೇಜಿನ ಕಾಗದ ಬಂತು. ಈ ಕೋರ್ಸಿಗೆ ವಯೋಮಿಂಗ್‌ನಲ್ಲಿ ಟೀಚರ್ ಲೈಸೆನ್ಸಿನ ಮಾನ್ಯತೆ ಇಲ್ಲ, ಒಂದೊಂದು ರಾಜ್ಯದ ಲೈಸೆನ್ಸೂ ಬೇರೆ, ಅಲ್ಲಿ ತರಬೇತಿಗೆ ಕಳಿಸಲಾಗದು.

ನನ್ನೆದುರೇ ಸ್ಪೀಕರ್ ಹಾಕಿ ಕಾಲೇಜಿಗೆ ಫೋನ್ ಮಾಡಿದಳು.

"ನೀವು ನೆಬ್ರಾಸ್ಕಾದಲ್ಲೇ ಇದ್ದಿದ್ರೆ ಏನೂ ತೊಂದ್ರೆ ಇರ್ಲಿಲ್ಲ, ಮೇಡಂ," ಅಂದ ಆ ಕಡೆಯವನು.

"ಗಂಡನ್ನ ಇಲ್ಲೇ ಬಿಟ್ಟು ವಾಪಸ್ ಹೋಗ್ಲಾ?"

"ಅದು ನಿಮ್ಮ ವೈಯಕ್ತಿಕ ವಿಷಯ."

ಫೋನ್ ಇಟ್ಟು ಕ್ಯಾರೆಟ್ ಹೆಚ್ಚತೊಡಗಿದಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ.

ನನಗೇ ತಡೆಯಲಾಗಲಿಲ್ಲ. ನಮ್ಮ ರಾಜ್ಯದ ಶಿಕ್ಷಣ ಕಚೇರಿಗೆ ಫೋನ್ ಮಾಡಿದೆ. ಅವರು ಪಾಪ, ಸಮಾಧಾನವಾಗಿಯೇ ಹೇಳಿದರು: ದೂರು ಮೊದಲು ಕಾಲೇಜಿಗೆ ಹೋಗಬೇಕು; ಅಲ್ಲಿ ಬಗೆಹರಿಯದಿದ್ದರೆ ಕಾಲೇಜಿರುವ ರಾಜ್ಯದ ಕಚೇರಿಗೆ. ಕಾಲೇಜಿಗೆ ದೂರು ಕಳಿಸಿದೆವು. ಅದು ಎರಡು ತಿಂಗಳು ತಗೊಂಡು "ವಿಷಾದಿಸುತ್ತೇವೆ" ಅಂದಿತು. ಆಮೇಲೆ ನನ್ನ ಮನೆಯಲ್ಲಿ ಕೂತು ಆ ರಾಜ್ಯದ ಅರ್ಜಿ ತೆರೆದೆವು.

"ಬರಿಯೇ ಮಾರಾಯ್ತಿ, ಕೈ ಏನು ಮರಗಟ್ಟಿದ್ಯಾ?" ಅಂದೆ.

"ನೀನೇ ಬರಿ ಜೋರೀನ್. ನಾನು ಹೇಳ್ತೀನಿ."

ದಿನಾಂಕ, ಹೆಸರು, ನಡೆದದ್ದು, ಎಲ್ಲ ಓದಿದ ಹಾಗೆ ಹೇಳಿದಳು. ಕೊನೆಯಲ್ಲಿ ಒಂದು ಪ್ರಶ್ನೆ: ನಿಮಗೆ ಯಾವ ಪರಿಹಾರ ಬೇಕು? ಅದನ್ನೇ ನೋಡುತ್ತಾ ಕೂತಳು.

"ಏನ್ ಹಾಕ್ಲಿ?" ಅಂದೆ.

"ಮೂರನೇ ಕ್ಲಾಸು ಅಂತ ಹಾಕು."

ಹಾಗೇ ಹಾಕಿದೆ.

ಐದು ತಿಂಗಳ ಮೇಲೆ ತೀರ್ಪು ಬಂತು. ದೂರು ಸರಿಯಾಗಿದೆ, ವಿಳಾಸ ಬದಲಾದಾಗಲೇ ಕಾಲೇಜು ತಿಳಿಸಬೇಕಿತ್ತು. ಇನ್ನು ಮುಂದೆ ಯಾರು ರಾಜ್ಯ ಬಿಟ್ಟು ರಾಜ್ಯಕ್ಕೆ ಹೋದರೂ ಎಚ್ಚರಿಕೆಯ ಪತ್ರ ಕಳಿಸತಕ್ಕದ್ದು. ಇವಳಿಗೆ ಬೇಕಿದ್ದರೆ ಪದವಿ ಕೊಡುತ್ತಾರೆ, ಆದರೆ ಟೀಚರ್ ಆಗುವ ಪದವಿಯಲ್ಲ.

"ಗೆದ್ದೆಯಲ್ಲೇ!" ಅಂದುಬಿಟ್ಟೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ.

"ಹೂಂ, ಗೆದ್ದೆ. ಮುಂದಿನವರಿಗೆ ಕಾಗದ ಬರುತ್ತೆ." ದನಿಯಲ್ಲಿ ಏನೂ ಇರಲಿಲ್ಲ. "ಒಲೆ ನೋಡು, ಸೀಯ್ತಿದೆ."

ಮೇ ತಿಂಗಳಲ್ಲಿ ಪದವಿ ಪತ್ರ ಅಂಚೆಯಲ್ಲಿ ಬಂತು. ಲಕೋಟೆ ಒಡೆದಳೋ ಇಲ್ಲವೋ, ನಾನು ಕೇಳಲಿಲ್ಲ.

ಶಾಲೆ ಮತ್ತೆ ಶುರುವಾದಾಗ ಮೂರನೇ ಕ್ಲಾಸಿಗೆ ತರಬೇತಿಗೆಂದು ಹೊಸ ಹುಡುಗಿಯೊಬ್ಬಳು ಬಂದಳು. ಮೊದಲ ದಿನವೇ ಮಕ್ಕಳ ಹಿಂದೆ ತಟ್ಟೆ ಹಿಡಿದು ನಮ್ಮ ಸಾಲಿನಲ್ಲಿ ನಿಂತಳು. ನಾನು ಸೌಟು ಹಿಡಿದು ಲೊರೆಟ್ಟಾಳತ್ತ ನೋಡಿದೆ. ಲೊರೆಟ್ಟಾ ಅವಳ ಕೊರಳಿನ ಬಿಲ್ಲೆಯಲ್ಲಿದ್ದ 'ತರಬೇತಿ ಟೀಚರ್, ಮೂರನೇ ಕ್ಲಾಸು' ಓದಿದಳು, ತಟ್ಟೆ ಈಸಿಕೊಂಡಳು.

"ಸೂಪಿಗೆ ಚೀಸ್ ಹಾಕ್ಲಾ?" ಅಂದಳು.

"ಹಾಕಿ," ಅಂದಳು ಹುಡುಗಿ.

ಹಾಕಿದಳು.